ಅರ್ಧ ಸತ್ತವನಿಗೆ ಕಾಲಂ ಇಲ್ಲ

“ಗಂಡ ಸತ್ತಿದ್ದಾನೇನೇ?”

“ಇಲ್ಲ ಸಾರ್.”

“ಮತ್ತೆ ಈ ಸಾಲಲ್ಲಿ ಯಾಕೆ ನಿಂತೆ? ಸತ್ತ ಮೇಲೆ ಬಾ, ಹೋಗು.”

ಕಾಲೇಜಿನ ಗುಮಾಸ್ತ ಹೀಗೆಂದಾಗ ನನ್ನ ಹಿಂದೆ ನಿಂತವರು ನಕ್ಕರು. ಅವರೂ ನನ್ನಂಥವರೇ. ಮಕ್ಕಳ ಅಂಕಪಟ್ಟಿಯನ್ನು ಎದೆಗೆ ಅವಚಿಕೊಂಡು ಬೆಳಿಗ್ಗೆಯಿಂದ ಕಾಲು ಬದಲಿಸುತ್ತ ನಿಂತವರು. ಒಬ್ಬಳು ಸಾಲು ಬಿಟ್ಟರೆ ಅವರ ಸರದಿ ಒಂದು ಹೆಜ್ಜೆ ಹತ್ತಿರವಾಗುತ್ತದೆ. ನಾನಾಗಿದ್ದರೂ ನಗುತ್ತಿದ್ದೆ.

ನಾನು ಕಿಟಕಿಯ ಸರಳು ಬಿಡಲಿಲ್ಲ. ಬೇರೆ ಏನೇನಿದೆ ಹೇಳಿ ಎಂದು ಕೇಳಿದೆ. ಅವನು ಆಕಳಿಸುತ್ತ ಒಂದೊಂದೇ ಬೆರಳು ಮಡಚಿದ. ಅಂಕಕ್ಕೆ ಕೊಡುವ ವಿದ್ಯಾರ್ಥಿವೇತನ ತೊಂಬತ್ತರ ಮೇಲೆ ತೆಗೆದವರಿಗೆ. ನನ್ನ ಮಗಳದು ಎಂಬತ್ತೊಂದು. ಸರ್ಕಾರದ್ದಕ್ಕೆ ಆದಾಯದ ಪತ್ರ ಬೇಕು. ನನ್ನ ಗಂಡ ಎರಡು ವರ್ಷದಿಂದ ಚಾಪೆ ಹಿಡಿದು ಮಲಗಿದ್ದರೂ ಗೋದಾಮಿನ ಹಾಜರಿ ಪುಸ್ತಕದಲ್ಲಿ ಇನ್ನೂ ದಿನಾ ಮೂಟೆ ಹೊರುತ್ತಾನೆ, ಹಾಗಾಗಿ ನಾವು ಬಡವರಲ್ಲ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಲ್ಲುವವನು ಬೇಕು, ಅವನಿಗೊಂದು ಸ್ವಂತ ಮನೆಯಾದರೂ ಬೇಕು. ಆಟದಲ್ಲಿ ಪದಕ ಗೆದ್ದವರಿಗೆ ಒಂದಿದೆ. ಕಾಲೇಜಿನಲ್ಲೇ ದುಡಿಯುತ್ತ ಓದುವುದೊಂದಿದೆ, ಪ್ರಯೋಗಶಾಲೆ ಗುಡಿಸಿ ಗಾಜು ತೊಳೆಯುವ ಕೆಲಸ. ಆದರೆ ಅದರ ಹೊತ್ತೂ ಪಾಠದ ಹೊತ್ತೂ ಒಂದೇ.

ಕೊನೆಗೆ ಉಳಿದದ್ದು ನಮ್ಮ ಗೋದಾಮಿನ ಸಾಹುಕಾರರ ಟ್ರಸ್ಟಿನದು. ಶುಲ್ಕ, ಹಾಸ್ಟೆಲ್ಲು, ಪುಸ್ತಕ, ಬಟ್ಟೆ, ಎಲ್ಲವೂ ಅವರದೇ. ಅದು ಕೂಲಿಯವರ ತಂದೆಯಿಲ್ಲದ ಮಕ್ಕಳಿಗೆ ಮಾತ್ರ. ನಾನು ತಿಳಿಯದೆ ನಿಂತದ್ದು ಆ ಸಾಲಿನಲ್ಲಿ.

ತಿಳಿಯದೆ ಎಂದರೆ ಸುಳ್ಳು. ನನ್ನ ಮನೆಯ ಗೋಡೆಗೆ ಅಂಟಿದ ಮನೆಯವಳ ಮಗಳಿಗೆ ಹೋದ ವರ್ಷ ಸಿಕ್ಕಿದ್ದು ಅದೇ.

ಅವಳ ಹೆಸರು ನಮ್ಮ ಗೋದಾಮಿನಲ್ಲಿ ಯಾರಿಗೂ ನೆನಪಿಲ್ಲ. ಉದ್ದ ಕಾಲು, ಉದ್ದ ಕುತ್ತಿಗೆ, ಎಲ್ಲರಿಗೂ ಕೊಕ್ಕರೆ. ನಾನು ಗಿಡ್ಡಿ. ಹತ್ತು ವರ್ಷದಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂತು ಹರಿದ ಗೋಣಿಚೀಲಕ್ಕೆ ತೇಪೆ ಹಾಕುವವರು ನಾವು. ಚೀಲವನ್ನು ಒಳಹೊರಗು ಮಾಡಿ ಕೊಡವಬೇಕು, ತೂತಿನ ಮೇಲೆ ತುಂಡು ಇಡಬೇಕು, ದಬ್ಬಳ ಚುಚ್ಚಿ ಹುರಿ ಎಳೆಯಬೇಕು. ಸಂಜೆಗೆ ಕಣ್ಣರೆಪ್ಪೆಯೂ ಗೋಣಿಯಂತೆ ಆಗಿರುತ್ತದೆ.

ಎರಡು ವರ್ಷದ ಹಿಂದೆ ಅದೇ ಗೋದಾಮಿನಲ್ಲಿ, ಛಾವಣಿ ಮುಟ್ಟುವಂತೆ ಪೇರಿಸಿದ್ದ ಮೂಟೆಗಳು ಜಾರಿದವು. ಇಷ್ಟು ಎತ್ತರ ಬೇಡ ಎಂದು ಹಮಾಲಿಗಳು ವಾರದಿಂದ ಹೇಳುತ್ತಿದ್ದರು. ಕೆಳಗೆ ಸಿಕ್ಕವರು ಇಬ್ಬರು, ಕೊಕ್ಕರೆಯ ಗಂಡ ಮತ್ತು ನನ್ನ ಗಂಡ. ಅವಳವನು ಅಲ್ಲೇ ಹೋದ. ನನ್ನವನ ಸೊಂಟ ಮುರಿಯಿತು, ಜೀವ ಉಳಿಯಿತು. ಆವತ್ತು ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಸದ್ಯ, ನನ್ನವನಲ್ಲ ಎಂಬ ಸಮಾಧಾನ ಒಳಗೆ ಇತ್ತು.

ಆ ಸಮಾಧಾನ ಒಂದು ವರ್ಷ ಉಳಿಯಿತು. ಆಮೇಲೆ ಅವಳ ಮಗಳು ಹೊಸ ಬಟ್ಟೆ ತೊಟ್ಟು, ಬೂಟು ಹಾಕಿ, ಬೆನ್ನಿಗೆ ಚೀಲ ಏರಿಸಿಕೊಂಡು ಹಾಸ್ಟೆಲ್ಲಿಗೆ ಹೊರಟಳು. ತಿಂಗಳಿಗೊಮ್ಮೆ ಬರುತ್ತಾಳೆ. ಬಂದಾಗ ಮೈಯಿಂದ ಸೋಪಿನ ವಾಸನೆ. “ದೊಡ್ಡಮ್ಮಾ, ಚೆನ್ನಾಗಿದೀರಾ?” ಎಂದು ಕೇಳುತ್ತಾಳೆ. ತನ್ನ ಹಳೆಯ ನೋಟ್ಸುಗಳನ್ನು ನನ್ನ ಮಗಳಿಗೆ ಕೊಡುತ್ತಾಳೆ. ಒಳ್ಳೆಯ ಹುಡುಗಿ. ಒಳ್ಳೆಯವಳಾಗಿದ್ದಕ್ಕೇ ನನಗೆ ಇನ್ನಷ್ಟು ಉರಿ.

ನಾನು ಉರಿದದ್ದು ಆ ಬೂಟು ನೋಡಿ ಅಲ್ಲ. ಕೊಕ್ಕರೆಯ ಸತ್ತ ಗಂಡನನ್ನು ನೆನೆದು. ಅವನು ಸತ್ತು ಮಗಳನ್ನು ಕಾಲೇಜಿಗೆ ಕಳಿಸಿದ. ನನ್ನವನು ಬದುಕಿ ಅಡ್ಡ ಬಿದ್ದಿದ್ದಾನೆ. ಒಂದೇ ಮೂಟೆಗಳು, ಒಂದೇ ಗಳಿಗೆ. ನನ್ನವನು ಎರಡು ಹೆಜ್ಜೆ ಒಳಗೆ ನಿಂತಿದ್ದರೆ ಎಂದು ನಾನು ಎಷ್ಟು ಸಲ ಅಳೆದಿದ್ದೇನೋ ನನಗೇ ಗೊತ್ತು.

ಸಾಲು ಕರಗಿದ ಮೇಲೆ ಗುಮಾಸ್ತ ನನ್ನನ್ನು ಕೈಬೀಸಿ ಕರೆದ. ಗಂಡ ಬಿಟ್ಟುಹೋದವರನ್ನೂ ಇದರಲ್ಲೇ ಸೇರಿಸುತ್ತಾರೆ ಎಂದು ದನಿ ತಗ್ಗಿಸಿ ಹೇಳಿದ. ಟ್ರಸ್ಟಿನವರು ಶುಕ್ರವಾರ ಮನೆ ನೋಡಲು ಬರುತ್ತಾರೆ, ಆಗ ಮನೆಯಲ್ಲಿ ಗಂಡಸಿನ ಅಂಗಿ ಕೂಡ ನೇತಾಡುತ್ತಿರಬಾರದು, ಉಳಿದದ್ದು ನಿನಗೆ ಬಿಟ್ಟದ್ದು ಎಂದ. ಶುಲ್ಕಕ್ಕೆ ಶನಿವಾರ ಕೊನೆ. ಕಟ್ಟದಿದ್ದರೆ ಸೀಟು ಮುಂದಿನವರಿಗೆ.

ಆವತ್ತು ಮಧ್ಯಾಹ್ನ ಗೋದಾಮಿಗೆ ಬಂದಾಗ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

“ಏನೇ ಗಿಡ್ಡಿ, ಮಗಳಿಗೂ ಒಂದು ದಬ್ಬಳ ತೆಗೆದಿಡಲಾ? ಎಳೇ ಕೈ, ತೇಪೆ ನೀಟಾಗಿ ಬೀಳುತ್ತೆ.”

“ನಿನ್ನ ಬಾಯಿಗೆ ಮೊದಲು ಹಾಕ್ತೀನಿ ತೇಪೆ, ಬೋಳಿಮಗನೆ” ಎಂದೆ. ಅರ್ಧ ದಿನದ ಕೂಲಿ ಹೋಯಿತು.

ಗುಮಾಸ್ತ ಹೇಳಿದ್ದನ್ನು ಕೊಕ್ಕರೆಗೆ ಹೇಳಿದೆ. ಅವಳು ಹುರಿಯನ್ನು ಹಲ್ಲಿನಲ್ಲಿ ಕಡಿದು, ಹಿಂದೆ ತಿರುಗದೆಯೇ ಅಂದಳು:

“ಭಾವ ನಮ್ಮನೇಲಿ ಬಂದು ಕೂತಿರಲಿ ಬಿಡಕ್ಕಾ. ನಮ್ಮನೆ ನೋಡಿ ಆಗಿದೆ. ಇನ್ನು ಯಾರೂ ಬರಲ್ಲ.”

ಎಷ್ಟು ಸಲೀಸಾಗಿ ಅಂದಳು. ಸಿಕ್ಕವಳಿಗೆ ದೊಡ್ಡ ಮನಸ್ಸು ಸುಲಭ ಎಂದುಕೊಂಡೆ. ಆದರೂ ಸರಿ ಎಂದೆ.

ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ನನ್ನದು, ದುಂಡಗಿದೆ. ಅರ್ಜಿಯನ್ನು ನಾನೇ ತುಂಬಿದೆ. ‘ತಂದೆ’ ಎಂಬಲ್ಲಿ ಎರಡೇ ಕಾಲಂ: ಇದ್ದಾರೆ, ಇಲ್ಲ. ಅರ್ಧ ಸತ್ತವನಿಗೆ ಕಾಲಂ ಇರಲಿಲ್ಲ. ‘ಇಲ್ಲ’ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ‘ಬಿಟ್ಟು ಹೋಗಿದ್ದಾನೆ’ ಎಂದು ಬರೆದೆ. ಮಗಳು ಬಗ್ಗಿ ಓದಿದಳು. ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಗಂಡ ಮಾತ್ರ ನಕ್ಕ. “ಸಂಜೆಗೆ ವಾಪಸ್ ಬರಬಹುದಾ, ಇಲ್ಲ ಕಾಯಂ ಆಗಿ ಬಿಟ್ಟು ಹೋಗಲಾ?” ಎಂದು ಕೇಳಿದ. ನಾನು ನಗಲಿಲ್ಲ. ಎರಡನೆಯದೇ ಒಳ್ಳೆಯದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನಿಗೂ ಅದು ಗೊತ್ತಾಯಿತು ಅಂತ ಕಾಣುತ್ತದೆ, ಮಗ್ಗುಲಾದ.

ಶುಕ್ರವಾರ ಬೆಳಿಗ್ಗೆ ಅವನನ್ನು ಮನೆಯಿಂದ ಒರೆಸಿ ಹಾಕಿದೆ. ಅಂಗಿ, ಗಡ್ಡ ಕೆರೆಯುವ ಬ್ಲೇಡು, ಚಪ್ಪಲಿ, ಸೊಂಟಕ್ಕೆ ಹಚ್ಚುವ ಎಣ್ಣೆ. ಗೋಡೆಯಲ್ಲಿ ಅವನು ತಲೆಯಾನಿಸಿ ಕೂರುವ ಕಡೆ ಜಿಡ್ಡಿನ ಕಲೆಯಿತ್ತು. ಅದನ್ನು ಬೂದಿ ಹಾಕಿ ಉಜ್ಜಿದೆ. ಕೊಕ್ಕರೆ ಜ್ವರವೆಂದು ಗೋದಾಮಿಗೆ ಹೇಳಿಕಳಿಸಿ ಮನೆಯಲ್ಲೇ ಉಳಿದಿದ್ದಳು. ಬಂದು ಅವನ ಕಂಕುಳಿಗೆ ಕೈ ಕೊಟ್ಟು ನಡೆಸಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಸಾಹುಕಾರರ ಸೊಸೆಯೇ ಬಂದಿದ್ದಳು. ಟ್ರಸ್ಟು ನೋಡಿಕೊಳ್ಳುವವಳು ಅವಳು. ಜೊತೆಗೆ ಗುಮಾಸ್ತ, ಮತ್ತು ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬ ಬಕ್ಕತಲೆಯವನು. ಮೆಲುದನಿಯ ಹೆಂಗಸು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಇಣುಕಿದಳು. ಹಾಸಿಗೆಯ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದಳು. ಗೂಡಿನಲ್ಲಿದ್ದ ತಟ್ಟೆ ಎಣಿಸಿದಳು.

“ಇಬ್ಬರಿಗೆ ಮೂರು ತಟ್ಟೆ ಯಾಕಮ್ಮ?”

ಅದೊಂದನ್ನು ನಾನು ಮರೆತಿದ್ದೆ. “ಅವನು ಹೋಗುವಾಗ ತಟ್ಟೆ ಬಿಟ್ಟು ಹೋದ ತಾಯಿ” ಎಂದೆ.

ಅವಳಿಗೆ ನಗು ಬಂತು. ಗುಮಾಸ್ತನೂ ನಕ್ಕ. ನಾನೂ ನಕ್ಕೆ. ಕ್ಯಾಮೆರಾದವನು, ನಗಬೇಡಮ್ಮ, ಮುಖ ಇಳಿಸು, ಇನ್ನೂ ಸ್ವಲ್ಪ ಎಂದ. ಇಳಿಸಿದೆ. ಮಗಳ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಳ್ಳಲು ಹೇಳಿದ. ಅವಳು ಕಟ್ಟಿಗೆಯಂತೆ ಒರಗಿದಳು. ಸೊಸೆ ಅರ್ಜಿಯ ಕೆಳಗೆ ಸಹಿ ಹಾಕಿ ಗುಮಾಸ್ತನ ಕೈಗೆ ಕೊಟ್ಟಳು. ನಾಳೆ ಹತ್ತು ಗಂಟೆಗೆ ಶುಲ್ಕ ಕಟ್ಟಿಯಾಗಿರುತ್ತದೆ ಎಂದಳು.

ಹೊರಡುವಾಗ ಮಗಳ ಗಲ್ಲ ಹಿಡಿದು ಕೇಳಿದಳು:

“ಅಪ್ಪನ ನೆನಪಾಗುತ್ತಾ ಪುಟ್ಟಿ?”

ಮಗಳು ತಗಡಿನ ಗೋಡೆಯ ಕಡೆ ನೋಡಿದಳು. ಆ ತಗಡಿನ ಆಚೆ ಅವನು ಒರಗಿ ಕೂತಿದ್ದ.

“ಇಲ್ಲ.”

ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಅವನ ಕೆಮ್ಮು ನನಗೆ ಗೊತ್ತು. ಅದು ಕೆಮ್ಮಲ್ಲ. ಬಾಯಿಗೆ ಬಟ್ಟೆ ತುರುಕಿಕೊಂಡರೂ ತಡೆಯಲಾಗದೆ ಹೊರಬಿದ್ದ ಗಂಡಸಿನ ಅಳು.

“ಪಕ್ಕದ್ದು ನಮ್ಮ ಹಾಸ್ಟೆಲ್ ಹುಡುಗಿಯ ಮನೆಯಲ್ವಾ?” ಎಂದಳು ಸೊಸೆ. ಗುಮಾಸ್ತ ಇನ್ನೊಂದು ಸಲ ನೋಡಿದರಾಯಿತು ಎಂದು ಗೊಣಗಿದ. ಅವಳು ಆಗಲೇ ಹೊರಗಿದ್ದಳು. ಕೊಕ್ಕರೆಯ ಚಿಲಕವಿಲ್ಲದ ಬಾಗಿಲು ಒಂದೇ ನೂಕಿಗೆ ತೆರೆಯಿತು.

ಚಾಪೆಯ ಮೇಲೆ ನನ್ನ ಗಂಡ. ಪಕ್ಕದಲ್ಲಿ ಮೊಳೆಗೆ ಅವನ ಅಂಗಿ. ನೀರಿನ ಲೋಟ ಹಿಡಿದು ಕೊಕ್ಕರೆ.

“ಯಾರು ಇದು?”

“ನಮ್ಮಣ್ಣ” ಎಂದಳು ಕೊಕ್ಕರೆ.

“ಅಣ್ಣ ತಮ್ಮ ಯಾರೂ ಇಲ್ಲ, ದಿಕ್ಕಿಲ್ಲ ಅಂತ ಅರ್ಜಿಯಲ್ಲಿ ಬರೆಸಿದ್ದೀಯಲ್ಲ.”

ಈ ಉಪಾಯ ಹೇಳಿಕೊಟ್ಟ ಗುಮಾಸ್ತನೇ ಈಗ ಮುಂದೆ ಬಂದ. ಅವನ ಹಣೆಯಲ್ಲಿ ಬೆವರಿತ್ತು, ಬಾಯಿ ಮಾತ್ರ ಜೋರಾಗಿತ್ತು.

“ಬಿಟ್ಟಿ ಅನ್ನದಲ್ಲಿ ಮಗಳು ಓದ್ತಾಳೆ, ಈ ಮುಂಡೆ ಇಲ್ಲಿ ಗಂಡಸನ್ನ ಇಟ್ಕೊಂಡು ಮಜಾ ಮಾಡ್ತಾಳೆ. ಥೂ.”

ನನ್ನ ಗಂಡ ಏಳಲು ನೋಡಿದ. ಸೊಂಟ ಕೇಳಲಿಲ್ಲ. ಕೊಕ್ಕರೆ ಅವನ ಹೆಗಲು ಅದುಮಿ ಕೂರಿಸಿದಳು. ನನ್ನ ಕಡೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ.

ಸೊಸೆ ಗುಮಾಸ್ತನ ಕೈಯಿಂದ ಹಾಸ್ಟೆಲ್ ಮಕ್ಕಳ ಪಟ್ಟಿ ತೆಗೆದುಕೊಂಡು ಲೇಖನಿ ಬಿಚ್ಚಿದಳು. ನಾನು ಬಾಗಿಲಲ್ಲಿದ್ದೆ. ಒಂದು ಮಾತು ಸಾಕಿತ್ತು. ನನ್ನ ಅರ್ಜಿಗೆ ಸಹಿ ಬಿದ್ದಿತ್ತು. ಸುಮ್ಮನಿದ್ದರೆ ನಾಳೆ ಹತ್ತಕ್ಕೆ ನನ್ನ ಮಗಳ ಸೀಟು ಗಟ್ಟಿ. ಇನ್ನೊಂದೂ ಹೇಳುತ್ತೇನೆ. ಆ ಲೇಖನಿ ಕೊಕ್ಕರೆಯ ಮಗಳ ಹೆಸರಿನ ಮೇಲೆ ಎಡದಿಂದ ಬಲಕ್ಕೆ ಎಳೆಯುತ್ತಿದ್ದಾಗ ನನ್ನ ಹೊಟ್ಟೆ ತಂಪಾಯಿತು. ಒಂದು ವರ್ಷದ ಉರಿ ಒಂದು ಗೆರೆಯಲ್ಲಿ ಆರಿತು. ಇನ್ನು ಬೂಟು ನನ್ನ ಮಗಳ ಕಾಲಿಗೆ, ದಬ್ಬಳ ಅವಳ ಮಗಳ ಕೈಗೆ.

ಗೆರೆ ಮುಗಿಯಿತು. ತಂಪು ಅಷ್ಟರಲ್ಲೇ ಮುಗಿಯಿತು.

“ಅವನು ನನ್ನ ಗಂಡ” ಎಂದೆ.

ಸೊಸೆ ಲೇಖನಿ ಮುಚ್ಚದೆ ನನ್ನ ಕಡೆ ತಿರುಗಿದಳು.

“ಬಿಟ್ಟು ಹೋಗಿಲ್ಲ, ಸತ್ತೂ ಇಲ್ಲ. ನಾನೇ ಇಲ್ಲಿ ಬಚ್ಚಿಟ್ಟಿದ್ದು. ನಿನ್ನ ಮಾವನ ಮೂಟೆ ಬಿದ್ದದ್ದು ಇಬ್ಬರ ಮೇಲೆ ಕಣಮ್ಮ. ಒಬ್ಬ ಪೂರ್ತಿ ಸತ್ತ, ಇವನು ಅರ್ಧ. ಅವಳ ಹೆಸರು ತಿರುಗಿ ಬರಿ. ಬೇಕಾದರೆ ನನ್ನದು ಹೊಡೆದುಹಾಕು.”

ಸೊಸೆಯ ಮುಖದ ಮೃದುತನ ಹೋಗಲಿಲ್ಲ. ಅದೇ ದನಿಯಲ್ಲಿ ಹೇಳಿದಳು, ಸುಳ್ಳು ಹೇಳಿದವರು ಇಬ್ಬರು, ಇಬ್ಬರದ್ದೂ ರದ್ದು. ಇಂಥವರಿಂದಲೇ ನಿಜವಾದ ಬಡವರಿಗೆ ಸಿಗುವುದಿಲ್ಲ. ನನ್ನ ಅರ್ಜಿಯನ್ನು ಮಡಚಿ ಹರಿದಳು. ಕ್ಯಾಮೆರಾದವನಿಗೆ ಹೊರಡೋಣ ಎಂದಳು. ಗುಮಾಸ್ತ ಎಲ್ಲರಿಗಿಂತ ಮುಂಚೆ ಕಾರು ಸೇರಿದ.

ನಾನು ನೆಲದ ಮೇಲಿನ ಚೂರುಗಳನ್ನು ನೋಡುತ್ತ ನಿಂತೆ. ಒಂದರಲ್ಲಿ ನನ್ನ ದುಂಡಗಿನ ಅಕ್ಷರ, ‘ಹೋಗಿದ್ದಾನೆ’ ಎಂದು. ಹೊರಗೆ ನನ್ನ ಮಗಳು ಗೋಡೆಗೆ ಒರಗಿ ಎರಡೂ ಮನೆಗಳ ನಡುವೆ ನಿಂತಿದ್ದಳು. ಕೊಕ್ಕರೆಗೆ ಏನು ಹೇಳುವುದು, ಎಷ್ಟು ತಡವಾಗಿ ಬಾಯಿ ತೆರೆದೆ ಎಂಬುದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗೆರೆ ಎಳೆಯುವಷ್ಟು ಹೊತ್ತು ಸುಮ್ಮನಿದ್ದೆ. ಅವಳು ಕಿವುಡಿಯಲ್ಲ, ಕುರುಡಿಯಲ್ಲ.

ತಿರುಗಿ ನೋಡಿದರೆ ಅವಳು ಒಳಗಿರಲಿಲ್ಲ.

ಕಾರಿನ ಹಾರನ್ನು ಒಂದೇ ಸಮನೆ ಕೂಗುತ್ತಿತ್ತು. ಬೀದಿ ಅಲ್ಲಿ ಒಂದು ಕಾರಿನಷ್ಟೇ ಅಗಲ. ಬೀದಿಯ ನಡುವೆ, ಕಾರಿನ ಮೂತಿಗೆ ಒಂದು ಮೊಳ ಮುಂದೆ, ಕೊಕ್ಕರೆ ಆ ಉದ್ದ ಕಾಲುಗಳನ್ನು ನೀಟಾಗಿ ಚಾಚಿಕೊಂಡು ಕೂತಿದ್ದಳು. ಮಡಿಲಲ್ಲಿ ಹರಿದ ಗೋಣಿಚೀಲ, ಕೈಯಲ್ಲಿ ದಬ್ಬಳ. ಡ್ರೈವರು ತಲೆ ಹೊರಹಾಕಿ ಅವಳ ಅಮ್ಮ ಅಕ್ಕ ಎಲ್ಲರನ್ನೂ ಬೈಯುತ್ತಿದ್ದ. ಅವಳು ಹೊಲಿಯುತ್ತಿದ್ದಳು.

“ಇಬ್ಬರ ಹೆಸರೂ ಬರಿಲಿ, ಆಮೇಲೆ ಏಳ್ತೀನಿ” ಎಂದಳು, ಯಾರಿಗೆ ಎಂದಿಲ್ಲದೆ.

ಇಬ್ಬರದೂ ಅಂದಳು. ನಾನು ಒಬ್ಬಳದೇ ಕೇಳಿದ್ದೆ, ಅದೂ ತಡವಾಗಿ. ಕೂರುವುದರಲ್ಲೂ ಅವಳೇ ಮೊದಲು, ಕೇಳುವುದರಲ್ಲೂ ಅವಳದೇ ದೊಡ್ಡದು. ಆರಿದ್ದ ಹೊಟ್ಟೆ ಮತ್ತೆ ಧಗ್ ಎಂದಿತು.

ಒಳಗೆ ಹೋಗಿ ನನ್ನ ದಬ್ಬಳ ತಂದೆ. ಅಪ್ಪನಿಗೆ ಆಸರೆ ಕೊಟ್ಟು ಕರೆದುಕೊಂಡು ಬಾ ಎಂದು ಮಗಳಿಗೆ ಹೇಳಿದೆ. ಅವನೂ ಬೀದಿಗೆ ಬರಲಿ, ಎಲ್ಲರೂ ನೋಡಲಿ. ಕೊಕ್ಕರೆಗಿಂತ ಕಾರಿಗೆ ಒಂದು ಮೊಳ ಹತ್ತಿರ, ಬಂಪರಿಗೆ ಬೆನ್ನು ತಾಗುವಂತೆ ಕೂತು, ಅವಳ ಮಡಿಲಿನ ಚೀಲದ ಇನ್ನೊಂದು ತುದಿಯನ್ನು ನನ್ನ ಕಡೆಗೆ ಎಳೆದುಕೊಂಡೆ.