ಒಂದೇ ಕೈಗೆ ಒಗ್ಗಿದ ಹಸು

ಆ ಮನೆಯ ಹಸು ಸೊಸೆಯೊಬ್ಬಳಿಗೇ ಹಾಲು ಕೊಡುತ್ತದೆ, ಬೇರೆ ಯಾರು ಕೆಚ್ಚಲಿಗೆ ಕೈ ಹಾಕಿದರೂ ಒದೆಯುತ್ತದೆ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹೊಗಳುವವರು "ಎಂಥ ಕೈಗುಣ" ಎನ್ನುತ್ತಿದ್ದರು. ಆಡಿಕೊಳ್ಳುವವರು "ಅವಳನ್ನ ಕಟ್ಟಿಹಾಕಿರೋದು ಗಂಡ ಅಲ್ಲ, ಹಸು" ಎನ್ನುತ್ತಿದ್ದರು. ಎರಡಕ್ಕೂ ಅವಳು ನಕ್ಕು ಸುಮ್ಮನಾಗುವಳು. ನಗದೆ ಇನ್ನೇನು ಮಾಡಿಯಾಳು? ಆ ಒಗ್ಗು ತಾನಾಗಿ ಬಂದದ್ದಲ್ಲ, ಬೇಕೆಂದೇ ಮಾಡಿಟ್ಟದ್ದು ಎಂದು ಯಾರ ಮುಂದೆ ಬಾಯಿ ಬಿಡುವುದು?

ಮದುವೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಒಂದು ಟ್ರಂಕು ಮಾತ್ರ. ಜಮೀನು ಗಂಡನದು, ಅಡುಗೆಮನೆ ಅತ್ತೆಯದು. ಒಲೆ ಮುಂದೆ ನಿಂತರೆ "ಆ ಕಡೆ ಸರಿ, ಉಪ್ಪು ಹಾಕೋಕೂ ಬರಲ್ಲ ನಿನಗೆ" ಎಂದು ಅತ್ತೆ ಮೊಣಕೈಯಿಂದ ತಳ್ಳುವಳು. ಉಳಿದದ್ದು ಕೊಟ್ಟಿಗೆ. ಅಲ್ಲಿ ಒಂದು ಹಸು, ಎಲ್ಲರೂ ಅದನ್ನು ಘಟವಾಣಿ ಎಂದೇ ಕರೆಯುತ್ತಿದ್ದರು. ಗಂಡನ ಮೊಣಕಾಲಿಗೆ ಅದು ಕೊಟ್ಟ ಏಟು ಚಳಿಗಾಲದಲ್ಲಿ ಇವತ್ತಿಗೂ ನೋಯುತ್ತದೆ. ಹಿಂಗಾಲಿಗೆ ಹಗ್ಗ ಬಿಗಿಯದೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಇವಳು ಹಗ್ಗ ಬಿಚ್ಚಿದಳು. ಬೆಚ್ಚನೆ ನೀರಿನಲ್ಲಿ ಕೆಚ್ಚಲು ಒರೆಸಿ, ಹಣೆಯನ್ನು ಅದರ ಪಕ್ಕೆಗೆ ಆನಿಸಿ, ಬಾಯಲ್ಲಿ ಏನೋ ಗುನುಗುತ್ತ ಕೂತಳು. ಬೆನ್ನು ನೋಯಿತು, ಕಾಲು ಜೋಮು ಹಿಡಿಯಿತು, ಕೊನೆಗೊಮ್ಮೆ ಘಟವಾಣಿ ಉಸ್ಸೆಂದು ಉಸಿರು ಬಿಟ್ಟು ಹಾಲು ಇಳಿಸಿತು. ಬಕೆಟ್ಟಿನ ತಳಕ್ಕೆ ಚುರ್ರೆಂದು ಬಿದ್ದ ಆ ಸದ್ದಿಗೆ ಅವಳಿಗೆ ಅಳುವೇ ಬಂತು. ದುಃಖಕ್ಕಲ್ಲ, ಸಂತೋಷಕ್ಕೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ, ನೋಡಿ. ಹಸು ಸಾಧುವಾದರೆ ಯಾರು ಬೇಕಾದರೂ ಕರೆದುಕೊಂಡಾರು, ಆಮೇಲೆ ಈ ಮನೆಯಲ್ಲಿ ನನ್ನನ್ನು ಕೇಳುವವರು ಯಾರು ಎಂಬ ದಿಗಿಲು ಹೊಕ್ಕಿತು. ಗಂಡ ಹಾಲು ಕರೆಯಲು ಕೂತರೆ ಇವಳು ಆಚೆ ನಿಂತು ಕರುವಿನ ಹಗ್ಗ ಜಗ್ಗುವಳು. ಕರು ಅರಚುವುದು, ತಾಯಿ ಗಾಬರಿಬಿದ್ದು ಕಾಲು ಎತ್ತುವುದು. ನಾದಿನಿ ಕೂತರೆ ಹಸುವಿನ ಮುಂದಿದ್ದ ಹಿಂಡಿಯ ಬುಟ್ಟಿಯನ್ನು ಮೆಲ್ಲಗೆ ಎಳೆದುಬಿಡುವಳು. ಬೇರೆಯವರ ಕೈ ತಾಕಿತೆಂದರೆ ಏನೋ ಕೇಡು ಎಂದು ಹಸು ಕಲಿತುಬಿಟ್ಟಿತು, ಕಾಲು ಕಟ್ಟಿದರೆ ಹಾಲನ್ನೇ ಮೇಲಕ್ಕೆ ಹಿಡಿಯತೊಡಗಿತು. ಮುಂದೆ ಅದರ ಕೊನೆಯ ಹೆಣ್ಣುಗರುವಿಗೆ ಮರಿಘಟವಾಣಿ ಎಂದೇ ಹೆಸರಾಯಿತು. ದೊಡ್ಡದಾದ ಮೇಲೆ ಅದಕ್ಕೂ ಇದೇ ಪಾಠ. ಮನೆಯವರೆಲ್ಲ ಸೋತು ಸುಮ್ಮನಾದರು. ಒಲೆಯ ಮುಂದೆ ಅತ್ತೆ ತಾನಾಗಿ ಜಾಗ ಬಿಟ್ಟಳು. ಸೊಸೆ ಗೆದ್ದಳು.

ಗೆದ್ದು ಸಿಕ್ಕಿಬಿದ್ದಳು. ಹಸುವಿಗೆ ಭಾನುವಾರ ಗೊತ್ತೇ? ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆಯಲೇಬೇಕು. ಬಿಟ್ಟರೆ ಕೆಚ್ಚಲು ಬಾತು ಕಲ್ಲಾಗುತ್ತದೆ, ಅಷ್ಟನ್ನೂ ಕರುವಿಗೇ ಬಿಟ್ಟರೆ ಅದಕ್ಕೆ ಭೇದಿ ಹಿಡಿಯುತ್ತದೆ. ತಂಗಿಯ ಮದುವೆಯಲ್ಲಿ ಅರ್ಧ ಊಟಕ್ಕೆ ಎದ್ದು ಬಂದಳು. ತಾಯಿ ಹಾಸಿಗೆ ಹಿಡಿದಾಗ ಬೆಳಗಿನ ಹಾಲು ಕರೆದು ಬಸ್ಸು ಹತ್ತುವಳು, ತವರಿನಲ್ಲಿ ತಾಯಿಯ ಕೈ ಹಿಡಿದು ಕೂರುವಳು, ಸಂಜೆಯ ಹಾಲಿಗೆ ಓಡೋಡಿ ವಾಪಸು.

"ಇವತ್ತೊಂದು ರಾತ್ರಿ ಇರೇ" ಎಂದಳು ತಾಯಿ.

"ನಾಳೆ ಬರ್ತೀನಮ್ಮ. ಹಸು ಕಾಯ್ತಾ ಇರುತ್ತೆ."

ಮರುದಿನ ಬೆಳಗ್ಗೆ ಹಾಲು ಕರೆಯುತ್ತಿದ್ದಾಗಲೇ ಸುದ್ದಿ ಬಂತು. ಕೇಳಿಸಿಕೊಂಡಳು, ಆದರೆ ಏಳಲಿಲ್ಲ. ಎದ್ದರೆ ಹಸು ಹಾಲನ್ನು ಮೇಲಕ್ಕೆ ಹಿಡಿದುಬಿಡುತ್ತಿತ್ತು. ತಾಯಿ ಸತ್ತ ಸುದ್ದಿ ಕೇಳಿಯೂ ಕೂತು ಹಾಲು ಕರೆದವಳು ನಾನು ಎಂಬ ಸಂಕಟವನ್ನು ಅವಳು ಗಂಡನ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಘಟವಾಣಿ ಮುದಿಯಾಗಿ ಸತ್ತಾಗ ಗುಂಡಿಯ ಪಕ್ಕ ಕೂತು ಗೋಳೋ ಎಂದು ಅತ್ತಳು. ಇನ್ನಾದರೂ ಬಿಡುಗಡೆಯಾಯಿತಲ್ಲ ಎಂದು ಒಳಗೊಳಗೆ ಅಂದುಕೊಂಡದ್ದೂ ನಿಜವೇ. ಅಷ್ಟರಲ್ಲಿ ಮರಿಘಟವಾಣಿ ಚೊಚ್ಚಲ ಕರು ಹಾಕಿತು. ಆ ಒದ್ದೆ ಕಿವಿಯ ಪುಟ್ಟದು ತಡವರಿಸುತ್ತ ಎದ್ದು ಅವಳ ಬೆರಳನ್ನು ಚೀಪಿದ್ದೇ ತಡ, ಬಿಡುಗಡೆಯ ಮಾತೆಲ್ಲ ಮರೆತೇಹೋಯಿತು. ಆ ಕೊಟ್ಟಿಗೆ ಹಾಗೆಯೇ, ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುತ್ತಿತ್ತು. ಮನಸಾರೆ ಕೋಪ ಮಾಡಿಕೊಳ್ಳುವುದಕ್ಕೂ ಬಿಡುತ್ತಿರಲಿಲ್ಲ.

ಈಗ ಅವಳ ಮಗಳು ತುಂಬು ಬಸುರಿ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ತವರಿಗೂ ಬರುವ ಹಾಗಿಲ್ಲ. ಅವಳಿರುವ ಊರು ಒಂದು ಹಗಲು, ಒಂದು ರಾತ್ರಿಯ ಹಾದಿ. ಎರಡು ಹಾಲಿನ ನಡುವೆ ಹೋಗಿಬರುವ ಮಾತೇ ಇಲ್ಲ.

"ಅಮ್ಮ, ಹಸು ನೆಪ ಹೇಳ್ಬೇಡ" ಎಂದಳು ಮಗಳು ಫೋನಿನಲ್ಲಿ. "ನನಗೆ ಭಯ ಆಗ್ತಿದೆ. ನೀನು ಪಕ್ಕದಲ್ಲಿದ್ರೆ ಸಾಕು, ಬೇರೇನೂ ಬೇಡ."

"ಬಂದೇ ಬರ್ತೀನಿ."

ಮಾತು ಕೊಟ್ಟಾಯಿತು. ತಾಯಿಗೆ ಮಾಡಿದ್ದನ್ನು ಮಗಳಿಗೂ ಮಾಡಿದರೆ ತಾನು ಮನುಷ್ಯಳೇ ಅಲ್ಲ ಎಂದುಕೊಂಡು ಅವತ್ತೇ ಗಂಡನನ್ನು ಕೊಟ್ಟಿಗೆಗೆ ಎಳೆದಳು. ಪಾಪ, ಅವನು ನೋಯುವ ಮೊಣಕಾಲು ಮಡಚಿ ಕೂತ. ಗುನುಗಲು ಹೇಳಿದಳು, ಗುನುಗಿದ.

"ಹಾಗಲ್ಲ ರೀ, ಸಮಾಧಾನವಾಗಿ. ನೀವು ಜಗಳಕ್ಕೆ ಕರೆದ ಹಾಗಿದೆ."

ಹಸು ಕಿವಿ ನಿಮಿರಿಸಿತು, ಮರುಗಳಿಗೆ ಬಕೆಟ್ಟು ಒಂದು ಕಡೆ, ಗಂಡ ಇನ್ನೊಂದು ಕಡೆ. ಸಗಣಿಯಲ್ಲಿ ಕೂತೇ ಅವನೆಂದ, "ನಿನ್ನ ಶಿಷ್ಯೆ ಕಣೇ ಇದು. ಬೇಕಾದ್ರೆ ಮಾರಿಬಿಡೋಣ. ಆದ್ರೆ ಮುಟ್ಟೋಕೆ ಬಿಡದ ಹಸುನ ಯಾವ ಪುಣ್ಯಾತ್ಮ ತಗೋತಾನೆ?"

ದಿನವೂ ಕೂರಿಸಿದಳು, ದಿನವೂ ಅವನು ಒದೆ ತಿಂದ. ಇನ್ನೊಂದು ಮಾತು ಹೇಳಬೇಕು, ಅದು ಅವಳಿಗೂ ನಾಚಿಕೆಯ ಮಾತೇ. ಹಸು ಅವನನ್ನು ಒದ್ದಾಗಲೆಲ್ಲ ಅವಳ ಮನಸ್ಸಿನ ಯಾವುದೋ ಮೂಲೆಗೆ ಹಿತವಾಗುತ್ತಿತ್ತು. ಥೂ ನಿನ್ನ ಎಂದು ತನ್ನನ್ನೇ ಬೈದುಕೊಂಡಳು.

ಒಂದು ಮಧ್ಯಾಹ್ನ ಅಳಿಯನ ಫೋನು ಬಂತು. "ಅತ್ತೆ, ದಿನಕ್ಕಿಂತ ಮುಂಚೆನೇ ನೋವು ಶುರುವಾಗಿದೆ. ಆಸ್ಪತ್ರೆಗೆ ಬಂದಿದ್ದೀವಿ. ನಾಳೆ ಆಗಬಹುದು ಅಂದ್ರು. ಅಮ್ಮ ಹೊರಟ್ರಾ ಅಂತ ಕೇಳ್ತಾನೇ ಇದ್ದಾಳೆ."

ದಿನಕ್ಕೊಂದೇ ಬಸ್ಸು, ಅದು ಹೊರಡುವುದು ಸಂಜೆ, ಹಾಲಿನ ಹೊತ್ತಿಗೆ ಸರಿಯಾಗಿ. ಇವತ್ತು ಬೇಗ ಕರೆದು ಹೋಗಬಹುದು. ನಾಳೆ? ನಾಡಿದ್ದು? ಚೀಲಕ್ಕೆ ಬಟ್ಟೆ ತುಂಬಿದಳು, ಅದನ್ನೂ ಬಕೆಟ್ಟನ್ನೂ ಹಿಡಿದು ಕೊಟ್ಟಿಗೆಗೆ ಹೋಗಿ ಮಣೆಯ ಮೇಲೆ ಕೂತಳು, ಹಸುವಿನ ಪಕ್ಕೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಹೋದರೆ ಈ ಮೂಕಪ್ರಾಣಿ ಕೆಚ್ಚಲು ಬಾತು ಸಾಯುತ್ತದೆ, ಹೋಗದಿದ್ದರೆ ಮಗಳ ಮುಖ ನೋಡುವ ಹಾಗಿಲ್ಲ.

ಆಗ ಅತ್ತೆ ಕೋಲೂರುತ್ತ ಒಳಗೆ ಬಂದಳು. ಬಗ್ಗಿ ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

"ಏಳು."

"ಬೇಡ ಅತ್ತೆ, ಒದೆಯುತ್ತೆ. ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ಯಾರು ನೋಡ್ತಾರೆ?"

ಅತ್ತೆ ಕೋಲನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂತಳು, ಹಸುವಿನ ತೊಡೆಯ ಮೇಲೊಮ್ಮೆ ಕೈಯಾಡಿಸಿದಳು, ಕರೆಯತೊಡಗಿದಳು. ಹಾಲು ಸರಾಗವಾಗಿ ಬಿತ್ತು. ಮರಿಘಟವಾಣಿ ತಿರುಗಿಯೂ ನೋಡದೆ ಮೆಲುಕು ಹಾಕುತ್ತಿತ್ತು.

ಸೊಸೆಗೆ ಅಳು ನಿಂತೇಹೋಯಿತು. "ಯಾವಾಗಿಂದ?" ಎಂದಳು.

"ಇದರ ಅಮ್ಮನ ಕಾಲದಿಂದ. ನೀನು ಜ್ವರ ಬಂದು ಮಲಗಿದ್ದಾಗ ಕರುಗೆ ಬಿಟ್ವಿ ಅಂತ ಹೇಳಿದ್ನಲ್ಲ, ಬಿಟ್ಟಿರಲಿಲ್ಲ. ನಿನ್ನ ಹಾಗೇ ಗುನುಗಿ ನಾನೇ ಕರೆದೆ. ಇದನ್ನೂ ನೀನಿಲ್ಲದಾಗ ಹಾಗೇ ಒಗ್ಗಿಸಿಕೊಂಡೆ. ನೀನು ಹಗ್ಗ ಜಗ್ಗೋದು, ಬುಟ್ಟಿ ಎಳೆಯೋದು ಎಲ್ಲ ಕಂಡಿದ್ದೆ ಕಣೇ. ನಾನೂ ಅತ್ತೆಗೆ ಹೆದರಿಕೊಂಡೇ ಈ ಮನೆಗೆ ಬಂದವಳು. ಇರಲಿ, ಇವಳಿಗೂ ಒಂದು ಹಿಡಿತ ಬೇಕು ಅಂತ ಸುಮ್ಮನಿದ್ದೆ."

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮಮ್ಮ ಒಂದು ರಾತ್ರಿ ಇರು ಅಂದಿದ್ಳು ಅತ್ತೆ" ಎಂದಳು ಸೊಸೆ. "ಒಂದೇ ರಾತ್ರಿ. ಆಗ ಹೇಳಬಹುದಿತ್ತಲ್ಲ."

ಅತ್ತೆಯ ಕೈ ನಿಂತಿತು.

"ಹೇಳಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು. ಹೇಳಿದ್ರೆ ನೀನು ಹೋದವಳು ವಾಪಸ್ ಬರ್ತಿರಲಿಲ್ಲ. ಬರ್ತಿದ್ಯಾ?"

ಬರುತ್ತಿದ್ದೆ ಎನ್ನಲು ಬಾಯಿ ತೆರೆದಳು. ಆ ದಿನಗಳಲ್ಲಿ ತವರಿನ ಬಸ್ಸು ಹತ್ತಿದಾಗಲೆಲ್ಲ ಇನ್ನು ಮರಳಬಾರದು ಎಂದುಕೊಂಡೇ ಹೋಗುತ್ತಿದ್ದಳು. ಸಂಜೆಯ ಹಾಲೊಂದೇ ಅವಳನ್ನು ಎಳೆದು ತರುತ್ತಿತ್ತು.

"ಮಾಡಿದ್ದು ತಪ್ಪೇ" ಎಂದಳು ಅತ್ತೆ, ಮತ್ತೆ ಕರೆಯುತ್ತ. "ಬೈಯೋದಿದ್ರೆ ಬೈಯಿ. ಆದ್ರೆ ಹೋಗಿ ಬಂದು ಬೈಯಿ. ಬಸ್ಸು ತಪ್ಪುತ್ತೆ."

ಚೀಲ ಎತ್ತಿಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು. ಸಿಟ್ಟನ್ನು ಒಂದಿಷ್ಟಾದರೂ ಆ ಮುದುಕಿಯ ಮೇಲೆ ಎಸೆಯದೆ ಹೊರಡುವುದು ಅವಳಿಂದಾಗಲಿಲ್ಲ.

"ಈಗ ಹೋದವಳು ನಾನು ವಾಪಸ್ ಬರಲೇ ಇಲ್ಲ ಅಂದ್ರೆ?"

"ಬರ್ತೀಯ" ಎಂದಳು ಅತ್ತೆ, ತಲೆ ಎತ್ತದೆ. "ಅದು ಖಾತ್ರಿ ಆದ ಮೇಲೇ ಹೇಳಿದ್ದು."

ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಎಷ್ಟೋ ಮಾತು ಕೇಳಿದ್ದಳು, ಯಾವುದೂ ಹೀಗೆ ಕರುಳಿಗೆ ತಾಕಿರಲಿಲ್ಲ. ಸುಳ್ಳು ಎಂದು ಕೂಗಬೇಕೆನಿಸಿತು. ಆದರೆ ಅತ್ತೆಯ ಮಾತು ನಿಜವಾಗಿತ್ತು. ಮಗಳು ಕಾಯುತ್ತಿದ್ದಳು, ನಿಂತು ಅಳುವುದಕ್ಕೂ ಹೊತ್ತಿರಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು.