ಬೆಂಗ್ರೆಯ ಮೇಲೆ ಬಿದ್ದ ನನ್ನ ಹೊಗೆ

ನಾನು ಒಂದು ಹಡಗಿನ ಹೊಗೆ ಕೊಳವೆ. ಗೋವಾದಲ್ಲಿ ತಗಡು ಬಾಗಿಸಿ, ಬೆಸುಗೆ ಹಾಕಿ, ಹಳದಿ ಬಣ್ಣ ಬಳಿದು ನನ್ನನ್ನು ಎತ್ತಿ ನಿಲ್ಲಿಸಿದರು. ಎಲ್ಲರಿಗಿಂತ ಎತ್ತರ ಎಂಬ ಜಂಬ ನನಗೆ. ಉಣ್ಣುವುದು ಇಂಜಿನ್ನು, ಉಗುಳಿ ಬೈಸಿಕೊಳ್ಳುವುದು ಮಾತ್ರ ನಾನು ಎಂದು ಆಮೇಲೆ ತಿಳಿಯಿತು.

ಮೊದಲ ಮಾಲೀಕರು ಮುಂಬಯಿಯವರು, ಅವರ ಮುಖ ನಾನು ಕಂಡಿಲ್ಲ. ಅವರು ಮಾರಿದ ಮೇಲೆ ಮಂಗಳೂರಿನ ಲೋಬೋ ದಣಿಗಳ ಕೈಗೆ ಬಂದೆ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು, ಆಡು ಒಯ್ಯುವ ಕೆಲಸ. ಇಂಜಿನ್ನಿಗೆ ಡಾಂಬರಿನಂಥ ಕರಿ ಎಣ್ಣೆ. ಕಾಯಿಸದಿದ್ದರೆ ಅದು ಹರಿಯುವುದೇ ಇಲ್ಲ. ಕಾಯಿಸುವವನು ಸಂಜೀವ ಪುತ್ರನ್. ಹೊರಡುವ ಮುಂಚೆ ಹೀಟರಿನ ಗುಂಡಿ ತಿರುಗಿಸುವುದು, ಮೇಲೆ ಬಂದು ನನ್ನ ಹೊಗೆಯ ಬಣ್ಣ ನೋಡುವುದು, ಇದು ಅವನ ಇಪ್ಪತ್ತೆರಡು ವರ್ಷದ ಅಭ್ಯಾಸ. ಬಣ್ಣ ನೋಡಿಯೇ ಇಂಜಿನ್ನಿನ ನಾಡಿ ಹೇಳುತ್ತಿದ್ದ.

ಅವನ ಮನೆ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಬೆಂಗ್ರೆಯಲ್ಲಿ. ಗಾಳಿ ಆ ಕಡೆ ತಿರುಗಿದರೆ ನನ್ನ ಮಸಿ ಅವನ ಹೆಂಡತಿ ಗಿರಿಜ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು. ಒಂಬತ್ತು ವರ್ಷದ ಮಗಳು ಶಮಿತಳ ಎದೆಗೂ ಇಳಿಯುತ್ತಿತ್ತು. ಅವಳಿಗೆ ಉಬ್ಬಸ. ಅಪ್ಪನ ಹಡಗು ಬಂತೆಂದರೆ ಓಡಿಬಂದು ಕೈಬೀಸಿ, ಮರುಕ್ಷಣವೇ ಕಿಟಕಿ ಮುಚ್ಚುತ್ತಿದ್ದಳು. ಉಸಿರು ಬಿಗಿಹಿಡಿಯಲು ಕೊಳವೆಗೆ ಬರುವುದಿಲ್ಲವಲ್ಲ!

ಕೊನೆಗೊಮ್ಮೆ ದಣಿಗಳು ಗಂಧಕ ಕಡಿಮೆಯಿರುವ ತಿಳಿ ಎಣ್ಣೆ ತರಿಸಿದರು. ಸಂಜೀವ ಖುಷಿಯಿಂದ ನನ್ನೊಳಗಿನ ಮಸಿಯನ್ನೆಲ್ಲ ಕೆರೆದು ತೆಗೆದ. ತಿಳಿ ಎಣ್ಣೆಯನ್ನು ಕಾಯಿಸಬಾರದು ಎಂದು ಎರಡೆರಡು ಸಲ ಹೇಳಿದ್ದರು. ತಲೆ ಕೇಳಿತು, ಕೈ ಕೇಳಲಿಲ್ಲ. ಹೊರಡುವಾಗ ಅದು ತಾನಾಗಿ ಹೀಟರ್ ತಿರುಗಿಸಿತು. ಮೇಲೆ ಬಂದು ನೋಡಿದರೆ ಹೊಗೆಯೇ ಇಲ್ಲ. ನಾಡಿ ನೋಡಲು ಬಣ್ಣವಿಲ್ಲ. ಹೊಗೆಯಿಲ್ಲದ್ದೇ ಸುಖವೆಂದು ನಕ್ಕ.

ಕಾದ ಎಣ್ಣೆ ನೀರಿನಷ್ಟು ತೆಳುವಾಗಿ, ಪಂಪಿನಲ್ಲಿ ನಿಲ್ಲದೆ ಸೋರಿತು. ಅಳಿವೆಯ ಅಬ್ಬರದ ನಡುವೆ ಇಂಜಿನ್ನು ಸತ್ತಿತು. ಹಡಗು ಕಲ್ಲುಗಳಿಗೆ ಬಡಿದು, ಅಡುಗೆಯವನ ಕೈ ಮುರಿಯಿತು.

"ಈ ಎಣ್ಣೆಯೇ ಆಗುದಿಲ್ಲ, ಹಳೇದೇ ಹಾಕಿ," ಎಂದರು ದಣಿಗಳು.

ಸಂಜೀವ ಹೂಂಗುಟ್ಟಿ ಕೆಳಗಿಳಿದ. ಆಮೇಲೆ ಮೇಲೆ ಬಂದು ನನಗೆ ಒರಗಿ ನಿಂತ. "ಹೇಳಿದರೆ ಕೆಲಸ ಹೋಗ್ತದೆ. ಹೇಳದಿದ್ದರೆ..." ಎಂದು ಬೆಂಗ್ರೆಯ ಕಡೆ ನೋಡಿದ. ಹೇಳೋ, ಹೇಳೋ ಎಂದು ಕೂಗುವ ಆಸೆ ನನಗೆ. ಇಷ್ಟುದ್ದ ಗಂಟಲಿದ್ದೂ ದನಿಯಿಲ್ಲ.

ಮತ್ತೆ ಕರಿ ಹೊಗೆ. ಮೂರನೇ ಸಲ ಅಳಿವೆಗೆ ಮರಳುವಾಗ ಕಿಟಕಿ ಮುಚ್ಚಲು ಯಾರೂ ಬರಲಿಲ್ಲ. ಮನೆಗೆ ಬೀಗ. ಶಮಿತಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ದಡದಿಂದ ಯಾರೋ ಕೂಗಿದರು.

ಹಗ್ಗ ಕಟ್ಟುವ ಮೊದಲೇ ಸಂಜೀವ ದಕ್ಕೆಗೆ ಹಾರಿ, ಅಲ್ಲಿ ನಿಂತಿದ್ದ ದಣಿಗಳತ್ತ ಓಡಿದ. "ದಣಿ, ಎಣ್ಣೆಯದ್ದು ತಪ್ಪಲ್ಲ. ಹೀಟರ್ ತಿರುಗಿಸಿದ್ದು ನಾನು. ಆ ಎಣ್ಣೆಯನ್ನೇ ಹಾಕಿ, ನಿಮ್ಮ ಕಾಲಿಗೆ ಬೀಳ್ತೇನೆ."

"ಇಷ್ಟು ದಿನ ಎಂತಕ್ಕೆ ಬಾಯಿ ಮುಚ್ಚಿಕೊಂಡದ್ದು ಮಾರಾಯ?"

ಅವನ ಕೆಲಸ ಹೋಯಿತು. ಸುದ್ದಿ ಬಂದರೆಲ್ಲ ಹಬ್ಬಿ, ಬೇರೆ ಹಡಗಿನವರೂ ಕರೆಯಲಿಲ್ಲ. ತಿಳಿ ಎಣ್ಣೆ ಮಾತ್ರ ಮರಳಿ ಬಂತು.

ಈಗ ನಾನು ಗುಜರಿಯ ಹಿತ್ತಲಲ್ಲಿ ಅಡ್ಡ ಬಿದ್ದಿದ್ದೇನೆ, ಬಾಯೊಳಗೆ ಬೆಕ್ಕು ಮರಿ ಹಾಕಿದೆ. ತಿಳಿ ಎಣ್ಣೆಯೂ ಅಮೃತವೇನಲ್ಲ. ಹೊಗೆ ಕಾಣದಿದ್ದರೆ ಇಲ್ಲವೆಂದಲ್ಲ, ನನ್ನ ಗಂಟಲಿಗೆ ಗೊತ್ತು. ಆದರೂ ಗುಜರಿಗೆ ಬರುವ ಮುಂಚಿನ ವರ್ಷಗಳಲ್ಲಿ ನಾನು ಅಳಿವೆ ದಾಟುವಾಗ, ಆಸ್ಪತ್ರೆಯಿಂದ ಮರಳಿದ್ದ ಶಮಿತ ಕಿಟಕಿ ತೆರೆದೇ ನಿಂತು, ಇಡೀ ಎದೆ ತುಂಬ ಉಸಿರೆಳೆದು ಕೈಬೀಸುತ್ತಿದ್ದಳು. ಹಿಂದಿನಿಂದ ಒಂದು ಕೈ ಬಂದು ಕಿಟಕಿ ಮುಚ್ಚುತ್ತಿತ್ತು. ಅದು ಕಾಣದ ಹೊಗೆಯನ್ನೂ ಬಲ್ಲ ಸಂಜೀವನ ಕೈ.