ಅಪ್ಪನ ಗುಂಪು

ಗಾಜಿನ ನಳಿಗೆಗಳನ್ನು ಒಂದೊಂದಾಗಿ ತೊಳೆದು, ಬೆಳಕಿಗೆ ಹಿಡಿದು ನೋಡಿ, ಅವಳು ತಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಪಕ್ಕದಲ್ಲಿ ಟೆಕ್ನಿಷಿಯನ್ ಅಕ್ಕ ಗಡಿಯಾರ ನೋಡುತ್ತಿದ್ದರು. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಒಂದೇ ಒಂದು ರಕ್ತದ ಚೀಲ ಮಲಗಿತ್ತು. ಬೆಳಿಗ್ಗೆ ಪ್ರಯೋಗಕ್ಕೆಂದು ಅವಳೇ ಕೊಟ್ಟ ತನ್ನ ರಕ್ತ.

ಏಳನೇ ತರಗತಿಗೇ ಓದು ಬಿಟ್ಟವಳು. ಆದರೂ ನಾಲ್ಕು ವರ್ಷದಿಂದ ಈ ಲ್ಯಾಬಿನಲ್ಲಿ ಪಾತ್ರೆ ತೊಳೆಯುತ್ತಲೇ ಕೆಲಸವನ್ನೆಲ್ಲ ಕಣ್ಣಲ್ಲಿ ಕಲಿತಿದ್ದಳು. ಎ ಗುಂಪಿನ ರಕ್ತಕಣಗಳ ಮೈಗೆ ಒಂದು ಬಗೆಯ ಸಕ್ಕರೆ ಅಂಟಿಕೊಂಡಿರುತ್ತದೆ. ಮನುಷ್ಯರ ಕರುಳಿನ ಲೋಳೆ ತಿಂದು ಬದುಕುವ ಬ್ಯಾಕ್ಟೀರಿಯಾದ ಕಿಣ್ವಗಳು ಅದನ್ನು ಕತ್ತರಿಸಿ ಹಾಕಿದರೆ ಉಳಿಯುವುದು ಓ ಗುಂಪು. ಹೊಟ್ಟೆಯೊಳಗಿನ ಹುಳಕ್ಕಿರುವ ಬುದ್ಧಿ ತನಗಿಲ್ಲವೆಂದು ಅಕ್ಕ ನಗುವುದಿತ್ತು.

ಓ ಗುಂಪು ಎಂದರೆ ಅವಳಿಗೆ ಅಪ್ಪ. ಟೈಲರ್ ಅಪ್ಪ. ಆಸ್ಪತ್ರೆಯಿಂದ ಆಳು ಬಂದರೆ ಸಾಕು, ಅರ್ಧ ಹೊಲಿದ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಹೊರಟುಬಿಡುತ್ತಿದ್ದ. ಅಲ್ಲಿ ಕೊಟ್ಟ ಬಿಸ್ಕತ್ತು ಪೊಟ್ಟಣವನ್ನು ಒಡೆಯದೆ ಮನೆಗೆ ತರುತ್ತಿದ್ದ. ಹಂಚುವಾಗ ರಕ್ತ ಪಡೆದವರ ಸುದ್ದಿ: ಏಣಿಯಿಂದ ಬಿದ್ದ ಪೇಂಟರು, ಅವಳಿ ಹೆತ್ತ ಬಾಣಂತಿ. ವಾರ್ಡಿಗೇ ಹೋಗಿ ಮುಖ ನೋಡಿ ಬರದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಊರೆಲ್ಲ ಇವರ ನೆಂಟರೇ," ಎಂದು ಅಮ್ಮ ಚುಚ್ಚುತ್ತಿದ್ದಳು.

ಅಮ್ಮನದೂ ಅವಳದೂ ಎ. ತನ್ನನ್ನು ಯಾರೂ ಕರೆಯುವುದಿಲ್ಲವಲ್ಲ ಎಂದು ಅವಳು ಮುಖ ಸಣ್ಣದು ಮಾಡಿದರೆ, "ನಮ್ಮಿಬ್ಬರದು ನಿಮ್ಮಪ್ಪನಿಗೂ ಆಗಲ್ಲ. ಸುಮ್ನೆ ಬಿಸ್ಕತ್ತು ತಿನ್ನು," ಎನ್ನುತ್ತಿದ್ದಳು ಅಮ್ಮ. ಆ ಬಿಸ್ಕತ್ತಿಗೆ ಆಸ್ಪತ್ರೆಯ ವಾಸನೆ ಹತ್ತಿರುತ್ತಿತ್ತು. ಆಮೇಲೆ ಅಂಥ ರುಚಿ ಅವಳಿಗೆ ಎಲ್ಲೂ ಸಿಗಲಿಲ್ಲ.

ಈಗ ಅಮ್ಮನಿಲ್ಲ. ಸೋಮವಾರ ಅಪ್ಪನ ಹೊಟ್ಟೆಯ ಆಪರೇಷನ್. ಎರಡು ಬಾಟಲಿ ರಕ್ತ ಕೇಳಿದ್ದಾರೆ, ಸಿಕ್ಕಿರುವುದು ಒಂದು. ಸಿಕ್ಕಸಿಕ್ಕವರಿಗೆಲ್ಲ ಕೊಟ್ಟವನ ಮೈಗೆ ಓ ಬಿಟ್ಟು ಬೇರೆ ಗುಂಪು ಒಗ್ಗದು. ಬಟ್ಟೆ ಹೊಲಿಸಿಕೊಂಡವರ ಮನೆಮನೆಗೂ ಅವಳು ಹೋಗಿ ಬಾಗಿಲಲ್ಲಿ ನಿಂತಿದ್ದಳು. ರಕ್ತ ಬೇಕೆಂದು ಬಾಯಿಬಿಡುವ ಮೊದಲೇ, ಹೊಲಿದ ಬಟ್ಟೆ ತಂದಿದ್ದೀಯಾ ಎಂದು ಕೇಳಿಸಿಕೊಂಡು ವಾಪಸಾಗಿದ್ದಳು.

ಚೀಲಕ್ಕೆ ಬೆರೆಸಿದ ಕಿಣ್ವದ ಹೊತ್ತು ಮುಗಿಯಿತು. ಅಕ್ಕ ರಕ್ತಕಣಗಳನ್ನು ಉಪ್ಪುನೀರಿನಲ್ಲಿ ಮೂರು ಸಲ ತೊಳೆದರು. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಒಂದು ಹನಿ ಇಟ್ಟು, ಫ್ರಿಜ್ಜಿನಿಂದ ಪುಟ್ಟ ಶೀಶೆ ತೆಗೆದರು. ಅದರ ಮೇಲೆ ಅಪ್ಪನ ವಾರ್ಡಿನ ನಂಬರಿತ್ತು. ಅಪ್ಪನ ರಕ್ತದ ತಿಳಿ, ಸೀರಮ್! ಅಕ್ಕ ಯಾವಾಗ ಹೋಗಿ ತಂದರೋ, ಅವಳಿಗೆ ಹೇಳಿಯೇ ಇರಲಿಲ್ಲ.

ಹಿಂದಿನ ಕಿಣ್ವಗಳಲ್ಲೆಲ್ಲ ಈ ಹಂತಕ್ಕೆ ಬಂದಾಗ ರಕ್ತ ಒಡೆದ ಹಾಲಿನಂತೆ ಗರಣೆಗಟ್ಟುತ್ತಿತ್ತು. ಅಕ್ಕ ಆ ತಿಳಿಯ ಒಂದು ತೊಟ್ಟನ್ನು ಹನಿಗೆ ಬೆರೆಸಿ, ಬಿಲ್ಲೆಯನ್ನು ಮೆಲ್ಲಗೆ ಓಲಾಡಿಸಿದರು. ಒಂದು ನಿಮಿಷ. ಎರಡು. ಹನಿ ಬಣ್ಣದ ನೀರಿನಂತೆ ನುಣ್ಣಗೆ ಹರಡಿಕೊಂಡಿತು.

"ಒಗ್ತು ಕಣೇ," ಎಂದರು ಅಕ್ಕ.

ಆಮೇಲೆ ಪ್ರತಿಸಲದಂತೆ ಚೀಲಕ್ಕೆ ಕೆಂಪು ಚೀಟಿ ಅಂಟಿಸಿದರು: ಪ್ರಯೋಗಕ್ಕೆ ಮಾತ್ರ, ಮನುಷ್ಯರಿಗೆ ಕೊಡತಕ್ಕದ್ದಲ್ಲ. ಆ ಚೀಟಿಗಳನ್ನು ಸಾಲಾಗಿ ಕತ್ತರಿಸಿ ಇಡುವವಳು ಅವಳೇ. ಅದರ ಒಂದೊಂದು ಅಕ್ಷರವೂ ಅವಳಿಗೆ ಬಾಯಿಪಾಠ.

ಅಕ್ಕ ಚೀಲವನ್ನು ಕೈಗೆತ್ತಿಕೊಂಡು, ನಾಶಪಡಿಸುವ ಡಬ್ಬಿಯ ಮುಂದೆ ನಿಂತರು. ಮುಚ್ಚಳ ತೆಗೆಯಲಿಲ್ಲ.

"ಅಕ್ಕಾ, ಅದನ್ನ ಅಪ್ಪನಿಗೆ ಕೊಡಿ."